ಮೊದಲ ಸುತ್ತು ಎಳೆದವಳಿಗೂ ಅದೇ ಚಿನ್ನ

ಪ್ರಶ್ನೆ: ನಾನು ಕುಷ್ಟಗಿ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳೆಯರ ಟೀಮ್ ಸ್ಪ್ರಿಂಟ್ ಸೈಕಲ್ ಸ್ಪರ್ಧೆಯ ವಿಡಿಯೊವನ್ನು ಮಕ್ಕಳಿಗೆ ತೋರಿಸಿದೆ. ಮುಂದಿದ್ದವಳು ಒಂದೇ ಸುತ್ತಿಗೆ ಪಕ್ಕಕ್ಕೆ ಸರಿದಳು. ಆಮೇಲೆ ಎರಡನೆಯವಳೂ ಸರಿದಳು. ಕೊನೆಯವರೆಗೆ ತುಳಿದದ್ದು ಒಬ್ಬಳೇ, ಪದಕ ಮಾತ್ರ ಮೂವರಿಗೂ. ‘ಅರ್ಧಕ್ಕೆ ಬಿಟ್ಟವರಿಗೂ ಚಿನ್ನ ಯಾಕೆ ಮೇಡಂ?’ ಎಂದು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು. ನನಗೆ ಸರಿಯಾಗಿ ವಿವರಿಸಲು ಆಗಲಿಲ್ಲ. ಅವಳೇ ನಮ್ಮ ಶಾಲೆಯ ಸೈಕಲ್ ಓಟದಲ್ಲಿ ಮೊದಲ ನೂರು ಮೀಟರ್ ಎಲ್ಲರಿಗಿಂತ ಮುಂದಿರುತ್ತಾಳೆ, ಆಮೇಲೆ ಹಿಂದೆ ಬೀಳುತ್ತಾಳೆ. ಬಿಟ್ಟುಬಿಡುತ್ತೇನೆ ಎನ್ನುತ್ತಿದ್ದಾಳೆ. ಕಾಲು ದಪ್ಪವಾಗುತ್ತದೆ ಎಂದು ಅವಳ ತಾಯಿಗೂ ಚಿಂತೆ. ವೆಲೊಡ್ರೋಮ್ (ಸೈಕಲ್ ಓಟಕ್ಕೆಂದೇ ಕಟ್ಟಿದ ಇಳಿಜಾರಿನ ಟ್ರ್ಯಾಕ್) ಇಲ್ಲದ ನಮ್ಮ ಕಡೆ ಇಂಥ ಹುಡುಗಿಗೆ ಏನು ಹೇಳಿಕೊಡಬಹುದು?

ಉತ್ತರ: ನಿಮ್ಮ ಹುಡುಗಿ ಕೇಳಿದ್ದು ಈ ಸ್ಪರ್ಧೆಯ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ. ಬಳ್ಳಾರಿಯಲ್ಲಿ ಮಕ್ಕಳಿಗೆ ಸೈಕ್ಲಿಂಗ್ ಕಲಿಸುವ ನನಗೂ ಇದನ್ನು ಅನೇಕರು ಕೇಳಿದ್ದಾರೆ. ಉತ್ತರ ಮುಟ್ಟಬೇಕಾದದ್ದು ಅವಳಿಗೇ ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಅವರು ಅರ್ಧಕ್ಕೆ ಬಿಟ್ಟವರಲ್ಲ. ತಮ್ಮ ಪಾಲಿನ ಕೆಲಸವನ್ನು ಪೂರ್ತಿ ಮುಗಿಸಿ, ದಾರಿ ಬಿಟ್ಟುಕೊಟ್ಟವರು. ಟೀಮ್ ಸ್ಪ್ರಿಂಟ್‌ನಲ್ಲಿ ಮೂವರಿಗೆ ಮೂರು ಸುತ್ತು. ಟ್ರ್ಯಾಕ್‌ನ ಒಂದು ಸುತ್ತು 250 ಮೀಟರ್, ಒಟ್ಟು 750 ಮೀಟರ್. ಮೊದಲ ಸುತ್ತನ್ನು ಮೊದಲನೆಯವಳು ಮುಂದೆ ನಿಂತು ಎಳೆಯುತ್ತಾಳೆ. ಉಳಿದಿಬ್ಬರು ಅವಳ ಹಿಂಚಕ್ರಕ್ಕೆ ಅಂಟಿಕೊಂಡಂತೆ ಬರುತ್ತಾರೆ. ಸುತ್ತು ಮುಗಿದಾಗ ಅವಳು ಟ್ರ್ಯಾಕ್‌ನ ಇಳಿಜಾರಿನಲ್ಲಿ ಮೇಲಕ್ಕೆ ಸರಿದುಕೊಳ್ಳುತ್ತಾಳೆ. ಎರಡನೆಯವಳು ಎರಡನೇ ಸುತ್ತು ಎಳೆದು ತಾನೂ ಸರಿಯುತ್ತಾಳೆ. ಕೊನೆಯ ಸುತ್ತಿಗೆ ಮೂರನೆಯವಳು ಒಂಟಿ. ಅವಳ ಮುಂದಿನ ಚಕ್ರ ಗೆರೆ ಮುಟ್ಟಿದ ಕ್ಷಣವೇ ತಂಡದ ಸಮಯ. ಎದುರಾಳಿ ತಂಡ ಟ್ರ್ಯಾಕ್‌ನ ಆಚೆ ಬದಿಯಿಂದ ಅದೇ ಹೊತ್ತಿಗೆ ಹೊರಟಿರುತ್ತದೆ. ಮೊದಲು ಅರ್ಹತಾ ಸುತ್ತು, ಆಮೇಲೆ ಎಂಟು ತಂಡಗಳ ನಡುವೆ ಜೋಡಿ ಪೈಪೋಟಿ. ಅಲ್ಲಿ ಗೆದ್ದ ನಾಲ್ಕು ತಂಡಗಳಲ್ಲಿ ಅತಿ ವೇಗದ ಎರಡು ಚಿನ್ನಕ್ಕೆ ಸೆಣಸುತ್ತವೆ, ಉಳಿದೆರಡು ಕಂಚಿಗೆ. ನಿಯಮ ಇಷ್ಟೇ.

ಮೂವರು ಏಕೆ ಬೇಕು ಎಂದರೆ ಗಾಳಿಯ ಕಾರಣಕ್ಕೆ. ಆಷಾಢದಲ್ಲಿ ಕುಷ್ಟಗಿ ಕಡೆಯ ಬಯಲಿನಲ್ಲಿ ಎದುರುಗಾಳಿಗೆ ಸೈಕಲ್ ತುಳಿದು ಶಾಲೆಗೆ ಬಂದ ಮಕ್ಕಳಿಗೆ ಇದನ್ನು ಬೇರೆಯಾಗಿ ಹೇಳಬೇಕಿಲ್ಲ. ನಿಮ್ಮ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲವಲ್ಲ. ಗಾಳಿ ಬೀಸದ ಒಳಾಂಗಣದಲ್ಲೂ ಸೈಕಲ್ ತಾನೇ ಗಾಳಿಯನ್ನು ಎದುರು ಹಾಕಿಕೊಳ್ಳುತ್ತದೆ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ಸೀಳಲು ಕಾಲು ಕೊಡಬೇಕಾದ ಶಕ್ತಿ ಎಂಟು ಪಟ್ಟು. ಗಂಟೆಗೆ 60 ಕಿಲೋಮೀಟರ್ ದಾಟಿದ ಮೇಲೆ ಸವಾರಳ ಶಕ್ತಿಯಲ್ಲಿ ಹತ್ತಕ್ಕೆ ಒಂಬತ್ತು ಪಾಲು ಗಾಳಿಗೇ ಹೋಗುತ್ತದೆ. ಮುಂದಿನವಳ ಮರೆಯಲ್ಲಿ ಗೇಣು ಅಂತರದಲ್ಲಿ ಬಂದವಳಿಗೆ ಆ ಖರ್ಚಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಉಳಿಯುತ್ತದೆ. ಹಾಗೆ ಉಳಿದದ್ದನ್ನೆಲ್ಲ ಕೊನೆಯ ಸುತ್ತಿನಲ್ಲಿ ಸುರಿಯುವುದು ಮೂರನೆಯವಳ ಕೆಲಸ. ಅಂದರೆ ಅವಳು ಖರ್ಚು ಮಾಡುವುದು ಮೊದಲಿಬ್ಬರು ಕೂಡಿಟ್ಟುಕೊಟ್ಟ ಹಣವನ್ನು.

ಈಗ ಮೊದಲನೆಯವಳ ವಿಷಯ. ನನ್ನ ಮಟ್ಟಿಗೆ ಈ ಸ್ಪರ್ಧೆಯ ಜೀವ ಇರುವುದು ಅವಳಲ್ಲೇ.

ರಾಯಚೂರಿನ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವ ಸ್ಪರ್ಧೆಯನ್ನು ನಿಮ್ಮ ಮಕ್ಕಳಲ್ಲಿ ಕೆಲವರಾದರೂ ನೋಡಿರಬಹುದು. ಕಲ್ಲು ಒಮ್ಮೆ ಜರುಗಲು ಶುರುವಾದ ಮೇಲೆ ಎತ್ತುಗಳು ಅದನ್ನು ಎಳೆದುಕೊಂಡು ಹೋಗುತ್ತವೆ. ಕಣ್ಣಿಟ್ಟು ನೋಡಬೇಕಾದದ್ದು ಅದಕ್ಕೂ ಮುಂಚಿನ ಕ್ಷಣವನ್ನು. ನೊಗ ಬಿಗಿಯುತ್ತದೆ, ಕೊರಳ ನರ ಉಬ್ಬುತ್ತದೆ, ಗೊರಸು ಮಣ್ಣಿನಲ್ಲಿ ಹೂಳುತ್ತದೆ, ಕಲ್ಲು ಮಾತ್ರ ಇನ್ನೂ ಅಲುಗಿರುವುದಿಲ್ಲ. ಟೀಮ್ ಸ್ಪ್ರಿಂಟ್‌ನ ಮೊದಲ ಸವಾರಳು ಬದುಕುವುದು ಆ ಕ್ಷಣದಲ್ಲಿ.

ಅವಳ ಸೈಕಲ್‌ಗೆ ಗೇರ್ ಒಂದೇ, ಬ್ರೇಕ್ ಇಲ್ಲ. ಫ್ರೀವ್ಹೀಲ್ ಕೂಡ ಇಲ್ಲದ್ದರಿಂದ ಚಕ್ರ ತಿರುಗುವಷ್ಟು ಕಾಲವೂ ಪೆಡಲ್ ತಿರುಗುತ್ತಲೇ ಇರಬೇಕು. ಆ ಒಂದು ಗೇರ್ ಕೂಡ ಕೊನೆಯಲ್ಲಿ ಬರುವ ಮಹಾವೇಗಕ್ಕೆ ಹೊಂದಿಸಿದ್ದು. ನಮ್ಮ ಸಾಮಾನ್ಯ ಸೈಕಲ್‌ನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಐದು ಮೀಟರ್ ಆಸುಪಾಸು ಮುಂದೆ ಹೋಗುತ್ತೇವೆ. ಇವರ ಸೈಕಲ್‌ನಲ್ಲಿ ಅದು ಎಂಟು ಮೀಟರ್ ದಾಟುತ್ತದೆ. ನಿಂತಲ್ಲಿಂದ ಅದನ್ನು ತಿರುಗಿಸುವುದೆಂದರೆ ಕಲ್ಲು ಜರುಗಿಸುವುದೇ ಸರಿ.

ಪ್ಯಾರಿಸ್‌ನ ವಿಡಿಯೊವನ್ನು ಮತ್ತೊಮ್ಮೆ ಹಾಕಿ, ಈ ಸಲ ಓಟ ಶುರುವಾಗುವುದಕ್ಕೂ ಮುಂಚಿನ ಹತ್ತು ಸೆಕೆಂಡ್ ತೋರಿಸಿ. ಮೊದಲನೆಯವಳ ಹಿಂಚಕ್ರವನ್ನು ನೆಲಕ್ಕೆ ಕೂರಿಸಿದ ಯಂತ್ರವೊಂದು ಕಚ್ಚಿ ಹಿಡಿದಿರುತ್ತದೆ. ಉಳಿದಿಬ್ಬರ ಸೈಕಲ್ ಹಿಡಿದು ನಿಲ್ಲುವುದು ಮನುಷ್ಯರು. ಗಡಿಯಾರ ಹಿಂದಕ್ಕೆ ಎಣಿಸುತ್ತದೆ. ಕೊನೆಯ ಐದು ಸೆಕೆಂಡ್ ಇದ್ದಾಗ ಅವಳು ಆಸನ ಬಿಟ್ಟು ಏಳುತ್ತಾಳೆ. ಎರಡು ಸೆಕೆಂಡ್ ಉಳಿದಿರುವಾಗ ಇಡೀ ದೇಹ ಹಿಂದಕ್ಕೆ ಸರಿಯುತ್ತದೆ, ಸೊಂಟ ಆಸನದ ಹಿಂಬದಿಗೆ ಹೋಗುತ್ತದೆ, ತೋಳು ಪೂರ್ತಿ ಚಾಚಿಕೊಳ್ಳುತ್ತದೆ. ಯಂತ್ರ ಹಿಡಿತ ಬಿಡುವುದಕ್ಕೆ ಕೂದಲೆಳೆಯಷ್ಟು ಮುಂಚೆ ಸೊಂಟವನ್ನು ಮುಂದಕ್ಕೆ ಎಸೆಯುತ್ತಾಳೆ. ಆ ಎಸೆತ ಮತ್ತು ಯಂತ್ರದ ಬಿಡುಗಡೆ ಒಂದೇ ಕ್ಷಣಕ್ಕೆ ಕೂಡಬೇಕು. ಬೇಗ ಎಸೆದರೆ ಹಿಡಿದಿಟ್ಟ ಚಕ್ರಕ್ಕೆ ಬಡಿದು ಶಕ್ತಿಯೆಲ್ಲ ವ್ಯರ್ಥ. ತಡವಾದರೆ ಸೆಕೆಂಡಿನ ಹತ್ತನೇ ಒಂದು ಭಾಗ ಹೋಯಿತು, ಅದು ಮತ್ತೆ ಸಿಗುವುದಿಲ್ಲ. ಮೊದಲ ತುಳಿತದಲ್ಲಿ ಹ್ಯಾಂಡಲ್ ಬಾರನ್ನು ತನ್ನ ಕಡೆ ಎಳೆದುಕೊಳ್ಳುವ ರಭಸಕ್ಕೆ ಸೈಕಲ್ ಬಾಗಿದಂತೆ ಕಾಣುತ್ತದೆ. ವಿಶ್ವಮಟ್ಟದ ಸವಾರಳಿಗೂ ಈ ಮೊದಲ ಸುತ್ತಿಗೆ 18 ಸೆಕೆಂಡಿನ ಮೇಲಾಗುತ್ತದೆ. ಮುಂದಿನ ಸುತ್ತುಗಳಿಗೆ 13–14 ಸೆಕೆಂಡ್ ಸಾಕು. ಆ ವ್ಯತ್ಯಾಸವೇ ಕಲ್ಲಿನ ತೂಕ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮೊದಲನೆಯವಳು ತನ್ನ ಪಾಡಿಗೆ ಸಿಡಿದು ಹೋದರೂ ತಂಡಕ್ಕೆ ನಷ್ಟ. ಹಿಂದಿನವಳು ಒಂದು ಸೈಕಲ್ ಉದ್ದದಷ್ಟು ಹಿಂದುಳಿದರೆ ಗಾಳಿಯ ಮರೆ ತಪ್ಪುತ್ತದೆ, ಅವಳ ಹಿಂದಿನವಳಿಗೂ ತಪ್ಪುತ್ತದೆ. ಆಮೇಲೆ ಆ ಅಂತರ ಮುಚ್ಚಲು ಹೋದವಳು ತನ್ನ ಸುತ್ತಿಗೆ ಇಟ್ಟುಕೊಂಡಿದ್ದ ಶಕ್ತಿಯನ್ನು ಅಲ್ಲೇ ಸುಡುತ್ತಾಳೆ. ಗಡಿಯಾರ ನಿಲ್ಲುವುದು ಮೂರನೆಯವಳ ಚಕ್ರಕ್ಕೆ ಎಂಬುದನ್ನು ಮರೆಯಬಾರದು. ಆದ್ದರಿಂದ ಒಳ್ಳೆಯ ತಂಡಗಳು ಹಿಂದಿನಿಬ್ಬರ ಗೇರ್ ಯಾವುದು, ಯಾರು ಎಷ್ಟನೇ ತುಳಿತಕ್ಕೆ ಆಸನದ ಮೇಲೆ ಕೂರಬೇಕು ಎಂಬುದನ್ನೂ ಜೊತೆಗೂಡಿ ಅಭ್ಯಾಸ ಮಾಡುತ್ತವೆ.

ಪ್ಯಾರಿಸ್‌ನ ಫಲಿತಾಂಶವನ್ನು ಈ ಕಣ್ಣಿನಿಂದ ನೋಡಿ. ಚಿನ್ನ ಗೆದ್ದ ಬ್ರಿಟನ್ ತಂಡದಲ್ಲಿ ಕೇಟಿ ಮಾರ್ಚಂಟ್, ಸೋಫಿ ಕೇಪ್‌ವೆಲ್, ಎಮ್ಮಾ ಫಿನುಕೇನ್ ಇದೇ ಕ್ರಮದಲ್ಲಿ ಎಳೆದರು. ಫೈನಲ್‌ನಲ್ಲಿ ಅವರ ಸಮಯ 45.186 ಸೆಕೆಂಡ್, ಅಂದಿನ ವಿಶ್ವದಾಖಲೆ. ನಿಂತಲ್ಲಿಂದ ಹೊರಟೂ ಸರಾಸರಿ ವೇಗ ಗಂಟೆಗೆ 60 ಕಿಲೋಮೀಟರ್ ಹತ್ತಿರ. ಬೆಳ್ಳಿ ಗೆದ್ದ ನ್ಯೂಜಿಲೆಂಡ್ 45.659 ಸೆಕೆಂಡ್ ತೆಗೆದುಕೊಂಡಿತು. ಆ ತಂಡದ ಕೊನೆಯ ಸವಾರಳು ಎಲೆಸ್ ಆಂಡ್ರೂಸ್. ಅದೇ ಪ್ಯಾರಿಸ್‌ನಲ್ಲಿ ವೈಯಕ್ತಿಕ ಸ್ಪ್ರಿಂಟ್, ಕೀರಿನ್ (ಮೋಟಾರು ಬೈಕಿನ ಹಿಂದೆ ವೇಗ ಹೆಚ್ಚಿಸಿಕೊಂಡು ಕೊನೆಯಲ್ಲಿ ಸಿಡಿಯುವ ಓಟ) ಎರಡರಲ್ಲೂ ಚಿನ್ನ ಗೆದ್ದವಳು. ಒಬ್ಬೊಬ್ಬರಾಗಿ ನಿಂತಾಗ ಅವಳನ್ನು ಯಾರೂ ಹಿಡಿಯಲಿಲ್ಲ, ಮೂವರಾಗಿ ನಿಂತಾಗ ಅರ್ಧ ಸೆಕೆಂಡಿನಷ್ಟು ಹಿಂದಾಯಿತು. ನಿಮ್ಮ ತರಗತಿಯಲ್ಲಿ ‘ಕೊನೆಗೆ ಬಂದವಳೇ ಗೆದ್ದವಳಲ್ಲವೇ’ ಎಂದು ಯಾರಾದರೂ ವಾದಿಸಿದರೆ ಈ ಉದಾಹರಣೆ ಕೊಡಿ.

ಮಾರ್ಚಂಟ್ ಬಗ್ಗೆ ಇನ್ನೊಂದು ಮಾತು. ಅವರು ಮೊದಲು ಸೈಕ್ಲಿಸ್ಟ್ ಆಗಿರಲಿಲ್ಲ, ಹೆಪ್ಟಾಥ್ಲಾನ್‌ನ ಹುಡುಗಿ. ಓಟ, ಜಿಗಿತ, ಎಸೆತ ಕಲಿತ ಕಾಲು ಟ್ರ್ಯಾಕ್‌ಗೆ ಬಂತು. ರಿಯೊ, ಟೋಕಿಯೊ ಎರಡು ಒಲಿಂಪಿಕ್ಸ್‌ಗೂ ಬ್ರಿಟನ್‌ನ ಮಹಿಳಾ ತಂಡ ಈ ಸ್ಪರ್ಧೆಗೆ ಅರ್ಹತೆಯನ್ನೇ ಪಡೆದಿರಲಿಲ್ಲ. ಮಾರ್ಚಂಟ್ 2022ರಲ್ಲಿ ತಾಯಿಯಾಗಿ, ಮರಳಿ ಬಂದು, ಮೊದಲ ಸುತ್ತು ಎಳೆದು ಆ ಚಿನ್ನ ತಂದರು. ನ್ಯೂಜಿಲೆಂಡ್‌ನ ಮೊದಲ ಸವಾರಳು ರೆಬೆಕಾ ಪೆಚ್ ಕೂಡ ಬೇರೆ ಕಡೆಯಿಂದ ಬಂದವರು. ಟೋಕಿಯೊದಲ್ಲಿ ಅವರು ಬಿಎಂಎಕ್ಸ್ ರೇಸಿಂಗ್‌ನಲ್ಲಿ, ಅಂದರೆ ಚಿಕ್ಕ ಸೈಕಲ್‌ಗಳಲ್ಲಿ ದಿಬ್ಬಗಳ ಮೇಲೆ ನಡೆಯುವ ಓಟದಲ್ಲಿ, ಸ್ಪರ್ಧಿಸಿದ್ದರು. ಬಿಎಂಎಕ್ಸ್‌ನಲ್ಲಿ ಹೆಚ್ಚಿನದೆಲ್ಲ ಗೇಟ್ ಬಿದ್ದ ನಂತರದ ಕೆಲವೇ ಸೆಕೆಂಡಿನಲ್ಲಿ ತೀರ್ಮಾನವಾಗುತ್ತದೆ. ಅಂಥ ಕಾಲು ಟೀಮ್ ಸ್ಪ್ರಿಂಟ್‌ನ ಮೊದಲ ಸ್ಥಾನಕ್ಕೆ ಬರುವುದು ಸಹಜ. ನಿಮ್ಮ ಹುಡುಗಿ ಮೊದಲ ನೂರು ಮೀಟರ್ ಮುಂದಿರುವುದನ್ನು ನೀವು ಕೊರತೆಯೆಂಬಂತೆ ಬರೆದಿದ್ದೀರಿ. ನನಗೆ ಅದು ಈ ಪತ್ರದ ಅತ್ಯಂತ ಸಂತೋಷದ ಸಾಲು.

ಈ ಸ್ಪರ್ಧೆ ಮಹಿಳೆಯರಿಗೆ ದಕ್ಕಿದ್ದೇ ತಡವಾಗಿ. ಪುರುಷರು 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿಯೇ ಮೂವರ ತಂಡವಾಗಿ ಓಡಿದರು. ಮಹಿಳೆಯರ ಟೀಮ್ ಸ್ಪ್ರಿಂಟ್ ವಿಶ್ವ ಚಾಂಪಿಯನ್‌ಷಿಪ್‌ಗೆ ಬಂದದ್ದು 2007ರಲ್ಲಿ, ಒಲಿಂಪಿಕ್ಸ್‌ಗೆ 2012ರಲ್ಲಿ. ಅದೂ ಇಬ್ಬರು ಸವಾರರು, ಎರಡೇ ಸುತ್ತು. ಟೋಕಿಯೊ ಮುಗಿದ ಮೇಲೆ, 2021ರ ವಿಶ್ವ ಚಾಂಪಿಯನ್‌ಷಿಪ್‌ನಿಂದ ಮೂವರಾದರು. ಹೆಣ್ಣುಮಕ್ಕಳಿಗೆ ಒಂದು ಸುತ್ತು ಕಡಿಮೆ ಇಡಲು ದೇಹಶಾಸ್ತ್ರದ ಯಾವ ಕಾರಣವೂ ಇರಲಿಲ್ಲ. ಇಷ್ಟು ವರ್ಷ ಪ್ರತಿ ದೇಶದಲ್ಲೂ ಒಬ್ಬ ಹುಡುಗಿಯ ಜಾಗ ಖಾಲಿ ಉಳಿಯಿತು ಎಂಬುದನ್ನು ನೆನೆದರೆ ನನಗೆ ಈಗಲೂ ಬೇಸರವಾಗುತ್ತದೆ.

ಸರಿದುಕೊಳ್ಳುವುದಕ್ಕೂ ನಿಯಮ ಇದೆ ಎಂಬುದನ್ನು ಜಗತ್ತು ಕಲಿತದ್ದು 2012ರ ಆಗಸ್ಟ್ 2ರಂದು, ಲಂಡನ್‌ನಲ್ಲಿ. ಮುಂದಿನವಳು ತನ್ನ ಸುತ್ತು ಮುಗಿಸದೆ ದಾರಿ ಬಿಡುವಂತಿಲ್ಲ. ಬದಲಾವಣೆ ಗೆರೆಯ ಬಳಿಯ ನಿಗದಿತ ಜಾಗದಲ್ಲೇ ಆಗಬೇಕು. ಅಂದು ವಿಕ್ಟೋರಿಯಾ ಪೆಂಡಲ್‌ಟನ್ ಮತ್ತು ಜೆಸ್ ವಾರ್ನಿಷ್ ಅವರ ಬ್ರಿಟನ್ ತಂಡ ಈ ಬದಲಾವಣೆಯನ್ನು ತುಸು ಮುಂಚೆ ಮಾಡಿದ್ದಕ್ಕೆ ಹೊರಬಿತ್ತು. ಅವರ ಜಾಗದಲ್ಲಿ ಜರ್ಮನಿಯ ಕ್ರಿಸ್ಟಿನಾ ಫೋಗೆಲ್ ಮತ್ತು ಮಿರಿಯಮ್ ವೆಲ್ಟೆ ಫೈನಲ್‌ಗೆ ಬಂದರು. ಫೈನಲ್‌ನಲ್ಲಿ ಚೀನಾದ ಗೊಂಗ್ ಜಿಂಜೆ ಮತ್ತು ಗುವೊ ಶುವಾಂಗ್ ವೇಗವಾಗಿ ಗುರಿ ಮುಟ್ಟಿದರು, ಸಂಭ್ರಮಿಸಿದರು. ಕೆಲವೇ ಹೊತ್ತಿನಲ್ಲಿ ತೀರ್ಪು ಬಂತು: ಅವರದ್ದೂ ಅದೇ ತಪ್ಪು. ಚಿನ್ನ ಜರ್ಮನಿಗೆ ಹೋಯಿತು.

ಗೊಂಗ್ ಜಿಂಜೆ ಆ ಜೋಡಿಯ ಮೊದಲ ಸವಾರಳು. ನಾಲ್ಕು ವರ್ಷ ಕಳೆದು ರಿಯೊಗೆ ಬಂದಾಗಲೂ ಆಕೆಯದ್ದು ಅದೇ ಜಾಗ, ಅದೇ ಮೊದಲ ಸುತ್ತು. ಜೊತೆಗೆ ಈ ಸಲ ಜೊಂಗ್ ಟಿಯಾನ್‌ಶಿ. ಇಬ್ಬರ ಹೆಲ್ಮೆಟ್ ಮೇಲೆ ಚೀನಾದ ಸಾಂಪ್ರದಾಯಿಕ ಸಂಗೀತ ನಾಟಕದ ಮುಖವರ್ಣಿಕೆ ಬರೆದಿತ್ತು. ಇಬ್ಬರೂ ಸೇರಿ 31.928 ಸೆಕೆಂಡಿನ ವಿಶ್ವದಾಖಲೆ ಮಾಡಿ, ಫೈನಲ್‌ನಲ್ಲಿ ರಷ್ಯಾವನ್ನು ಸೋಲಿಸಿ, ಚೀನಾಕ್ಕೆ ಸೈಕ್ಲಿಂಗ್‌ನ ಮೊದಲ ಒಲಿಂಪಿಕ್ ಚಿನ್ನ ತಂದರು. ಈ ಕಥೆಯನ್ನು ನಿಮ್ಮ ಹುಡುಗಿಗೆ ಹೇಳಿ. ನಾನು ನನ್ನ ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ.

ಬಿಸಿಲಿನ ಬಗ್ಗೆ ನೀವು ಕೇಳಿಲ್ಲ, ಆದರೂ ಬಳ್ಳಾರಿಯವನಾಗಿ ಹೇಳದೆ ಇರಲಾರೆ. ಬಿಸಿ ಗಾಳಿ ತೆಳುವಾಗಿರುತ್ತದೆ. 20 ಡಿಗ್ರಿಯ ಗಾಳಿಗಿಂತ 40 ಡಿಗ್ರಿಯ ಗಾಳಿಯ ಸಾಂದ್ರತೆ ಶೇ 6ರಷ್ಟು ಕಡಿಮೆ, ಅಂದರೆ ತಡೆಯೂ ಅಷ್ಟು ಕಡಿಮೆ. ಅದಕ್ಕೇ ಯುರೋಪಿನ ವೆಲೊಡ್ರೋಮ್‌ಗಳಲ್ಲಿ ಸ್ಪರ್ಧೆಯ ದಿನ ಒಳಗಿನ ಗಾಳಿಯನ್ನು ಬೆಚ್ಚಗೆ ಮಾಡುತ್ತಾರೆ. ಎತ್ತರದ ಊರುಗಳ ಗಾಳಿಯೂ ತೆಳು. ಫೋಗೆಲ್ ಮತ್ತು ವೆಲ್ಟೆ 2013ರಲ್ಲಿ 32.153 ಸೆಕೆಂಡಿನ ದಾಖಲೆ ಮಾಡಿದ್ದು ಮೆಕ್ಸಿಕೊದ ಆಗ್ವಾಸ್‌ಕಾಲಿಯೆಂಟೆಸ್‌ನಲ್ಲಿ, ಸಮುದ್ರಮಟ್ಟದಿಂದ 1,800 ಮೀಟರ್‌ಗಿಂತ ಮೇಲೆ. ಹಾಗೆಂದು ಮಕ್ಕಳನ್ನು ಮಧ್ಯಾಹ್ನ ರಸ್ತೆಗೆ ಇಳಿಸಬೇಡಿ. ಅಭ್ಯಾಸ ಬೆಳಿಗ್ಗೆ ಏಳೂವರೆಯೊಳಗೆ ಮುಗಿಯಲಿ.

ಇನ್ನು ವೆಲೊಡ್ರೋಮ್ ಇಲ್ಲದ ಊರಿನ ಮಾತು. ಮೊದಲ ಸುತ್ತಿನ ಕಲೆಯಲ್ಲಿ ಬಹುಪಾಲು ಮೊದಲ ಅರವತ್ತು ಮೀಟರ್‌ನಲ್ಲಿದೆ. ಅರವತ್ತು ಮೀಟರ್ ನೇರ, ಗಟ್ಟಿ ನೆಲ ನಿಮ್ಮಲ್ಲಿ ಸಿಗುತ್ತದೆ. ಶಾಲೆಯ ಮಣ್ಣಿನ ಮೈದಾನ ಬೇಡ, ತಿರುವಿನಲ್ಲಿ ಚಕ್ರ ಜಾರುತ್ತದೆ. ಹೆದ್ದಾರಿ ಬೇಡವೇ ಬೇಡ. ವಹಿವಾಟಿಲ್ಲದ ದಿನ ಎಪಿಎಂಸಿ ಅಂಗಳದ ಕಾಂಕ್ರೀಟ್ ರಸ್ತೆ ಸಿಕ್ಕರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಇರುವ ಸೈಕಲ್ ಸಾಕು. ಹಿಂದೆ ಸರ್ಕಾರ ಎಂಟನೇ ತರಗತಿಗೆ ಕೊಡುತ್ತಿದ್ದ ಸೈಕಲ್‌ಗಳಲ್ಲೇ ಎಷ್ಟೋ ಮಕ್ಕಳಿಗೆ ಇದನ್ನು ಕಲಿಸಿದ್ದೇನೆ. ಬ್ರೇಕ್ ಸರಿಯಾಗಿರಲಿ, ಚೈನ್ ಸಡಿಲವಿರದಿರಲಿ, ತಲೆಗೆ ಹೆಲ್ಮೆಟ್ ಇರಲಿ. ಫ್ರೀವ್ಹೀಲ್ ಇಲ್ಲದ ಟ್ರ್ಯಾಕ್ ಸೈಕಲನ್ನು ಮಾತ್ರ ರಸ್ತೆಯಲ್ಲಿ ಯಾರಿಗೂ ಕೊಡಬೇಡಿ.

ಒಬ್ಬಳು ಹಿಂದಿನಿಂದ ಆಸನ ಹಿಡಿದು ನಿಲ್ಲಲಿ, ನೂಕಬಾರದು. ಸವಾರಳ ಬಲವಾದ ಕಾಲಿನ ಪೆಡಲ್ ಮುಂದಿರಲಿ, ನೆಲಕ್ಕೆ ಸಮಾನಾಂತರಕ್ಕಿಂತ ತುಸು ಮೇಲಿರಲಿ. ನೀವು ಐದರಿಂದ ಹಿಂದಕ್ಕೆ ಎಣಿಸಿ. ಎರಡಕ್ಕೆ ಸೊಂಟ ಹಿಂದೆ, ಸೊನ್ನೆಗೆ ಸೊಂಟ ಮುಂದೆ. ಆರೇಳು ಸೆಕೆಂಡ್ ಪೂರ್ತಿ ಜೀವ ಬಿಟ್ಟು ತುಳಿಯಲಿ, ಆಮೇಲೆ ನಿಧಾನಿಸಲಿ. ಮುಂದಿನ ಸರದಿಗೆ ಮುಂಚೆ ಐದಾರು ನಿಮಿಷ ಪೂರ್ತಿ ವಿಶ್ರಾಂತಿ. ಈ ವಿಶ್ರಾಂತಿಯಲ್ಲಿಯೇ ನಮ್ಮ ಶಿಕ್ಷಕರು ಎಡವುತ್ತಾರೆ. ಮಕ್ಕಳು ಸುಮ್ಮನೆ ನಿಂತಿದ್ದಾರೆ ಎಂದು ಸುತ್ತು ಹೊಡೆಸುತ್ತಾರೆ. ಸ್ನಾಯುವಿನಲ್ಲಿ ಸಿಡಿಯುವ ಶಕ್ತಿಯ ದಾಸ್ತಾನು ಕೆಲವೇ ಸೆಕೆಂಡಿನದ್ದು, ಅದು ತುಂಬಿಕೊಳ್ಳಲು ನಿಮಿಷಗಳು ಬೇಕು. ಅದು ತುಂಬದೆ ಓಡಿಸಿದರೆ ಕಲಿಯುವುದು ನಿಧಾನವಾಗಿ ಓಡುವುದನ್ನು. ವಾರಕ್ಕೆ ಎರಡು ದಿನ, ದಿನಕ್ಕೆ ಆರು ಸಲ ಸಾಕು. ಉಳಿದ ದಿನ ನಿಂತಲ್ಲಿಂದ ಉದ್ದ ಜಿಗಿತ, ಮೂವತ್ತು ಮೀಟರ್ ಓಟ, ಭಾರವಿಲ್ಲದ ಬೈಠಕ್. ಬೈಠಕ್‌ನಲ್ಲಿ ಮಂಡಿ ಒಳಕ್ಕೆ ಬಾಗದಂತೆ ನೋಡಿ. ಭಾರ ಎತ್ತಿಸುವುದು ತಿಳಿದ ತರಬೇತುದಾರರ ಎದುರು ಮಾತ್ರ.

ಅಭ್ಯಾಸಕ್ಕೂ ಮುಂಚೆ ಹುಡುಗಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ನಮ್ಮ ಕಡೆಯ ಹದಿಹರೆಯದ ಹುಡುಗಿಯರಲ್ಲಿ ರಕ್ತಹೀನತೆ ಬಹಳ. ನೂರು ಮೀಟರ್ ಆದ ಮೇಲೆ ಹಿಂದೆ ಬೀಳುವುದಕ್ಕೆ ಅದೂ ಕಾರಣವಿರಬಹುದು. ಜೋಳದ ರೊಟ್ಟಿಯ ಜೊತೆ ಕಾಳಿನ ಪಲ್ಯ, ಸೊಪ್ಪು, ಶೇಂಗಾ, ತಿನ್ನುವ ಮನೆಯಾದರೆ ಮೊಟ್ಟೆ ಇರಲಿ. ಶಾಲೆಯಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಚೀಲದಲ್ಲಿ ಇಟ್ಟುಕೊಳ್ಳದೆ ನುಂಗಲಿ.

ಅವಳ ತಾಯಿಯನ್ನು ನೀವೇ ಮನೆಗೆ ಹೋಗಿ ಭೇಟಿಯಾಗಿ. ‘ಅಕ್ಕಾ, ಈ ವಯಸ್ಸಿನಲ್ಲಿ ಈ ಅಭ್ಯಾಸಕ್ಕೆ ಕಾಲು ಗಟ್ಟಿಯಾಗುತ್ತದೆ, ದಪ್ಪವಾಗುವುದಿಲ್ಲ’ ಎಂದು ಹೇಳಿ. ಮುಂದೆ ನಿಜವಾಗಿಯೂ ದೊಡ್ಡ ಮಟ್ಟಕ್ಕೆ ಹೋದರೆ ತೊಡೆ ಬಲಿಯುತ್ತದೆ, ಅದನ್ನೂ ಮುಚ್ಚಿಡಬೇಡಿ. ಗದ್ದೆಯಲ್ಲಿ ನಾಟಿ ಮಾಡುವ, ತಲೆಯ ಮೇಲೆ ಮೇವಿನ ಹೊರೆ ಹೊರುವ ತಾಯಿಗೆ ಕಾಲಿನ ಬಲದ ಬೆಲೆ ಗೊತ್ತಿರುತ್ತದೆ. ಬಿಗಿ ಉಡುಪಿನ ಬಗ್ಗೆ ಆತಂಕವಿದ್ದರೆ ಈ ಹಂತದಲ್ಲಿ ಟ್ರ್ಯಾಕ್ ಪ್ಯಾಂಟ್ ಸಾಕು, ಕೆಳಗಿನ ತುದಿಯನ್ನು ಚೈನ್‌ಗೆ ಸಿಗದಂತೆ ಕಟ್ಟಿಕೊಂಡರಾಯಿತು.

ಮುಂದಿನ ಹಾದಿ ನಿಮ್ಮ ಊರಿನಿಂದ ಉತ್ತರಕ್ಕೇ ಇದೆ. ಕುಷ್ಟಗಿಯ ಮೇಲೆ ಹಾದುಹೋಗುವ ಹೆದ್ದಾರಿ ಇಳಕಲ್ ದಾಟಿ ವಿಜಯಪುರಕ್ಕೆ ಹೋಗುತ್ತದೆ. ವಿಜಯಪುರ, ಬಾಗಲಕೋಟೆ ಎರಡೂ ಕರ್ನಾಟಕದ ಸೈಕ್ಲಿಂಗ್‌ನ ತವರು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ನಿಲಯಗಳ ಆಯ್ಕೆ ಯಾವಾಗ ಎಂದು ಕೊಪ್ಪಳದ ಜಿಲ್ಲಾ ಕಚೇರಿಯಲ್ಲಿ ಈಗಲೇ ವಿಚಾರಿಸಿಡಿ. ಅಲ್ಲಿಂದ ಮುಂದೆ ದೆಹಲಿಯ ಇಂದಿರಾ ಗಾಂಧಿ ಕ್ರೀಡಾಂಗಣದ ಒಳಾಂಗಣ ವೆಲೊಡ್ರೋಮ್ ಇದೆ. 2004ರ ಸುನಾಮಿಯಲ್ಲಿ ಬದುಕುಳಿದ ಅಂಡಮಾನ್‌ನ ಡೆಬೋರಾ ಹೆರಾಲ್ಡ್ ಭಾರತದ ಪರ ಟೀಮ್ ಸ್ಪ್ರಿಂಟ್ ತುಳಿದವರು. 2022ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮಯೂರಿ ಲೂಟೆ, ತ್ರಿಯಾಶಾ ಪಾಲ್, ಶುಶಿಕಲಾ ಆಗಾಶೆ ಭಾರತದ ಮೂವರಾಗಿದ್ದರು. ಇವರ ಹೆಸರುಗಳನ್ನೂ ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿ.

ಎರಡು ತಿಂಗಳ ಅಭ್ಯಾಸ ಆದ ಮೇಲೆ, ಕೊನೆಯವರೆಗೂ ಸುಸ್ತಾಗದ ಇಬ್ಬರು ಹುಡುಗಿಯರನ್ನು ಅವಳ ಹಿಂದೆ ನಿಲ್ಲಿಸಿ ಮೂವರ ಓಟ ಮಾಡಿಸಿ. ಮೊದಮೊದಲು ಒಬ್ಬರಿಂದೊಬ್ಬರಿಗೆ ಎರಡು ಸೈಕಲ್ ಉದ್ದದ ಅಂತರವಿರಲಿ. ಮುಂದಿನವಳ ಹಿಂಚಕ್ರದ ಪಕ್ಕಕ್ಕೆ ಯಾರೂ ತಮ್ಮ ಚಕ್ರ ಸೇರಿಸಬಾರದು, ಬೀಳುವುದು ಹೆಚ್ಚಾಗಿ ಅಲ್ಲೇ. ರಸ್ತೆಯ ಮೇಲೆ ನೂರು ಮೀಟರ್‌ಗೊಂದು ಸುಣ್ಣದ ಗೆರೆ ಎಳೆಯಿರಿ. ಮೊದಲ ಗೆರೆ ಮುಂಚಕ್ರ ದಾಟಿದ ಮೇಲೆಯೇ ನಿಮ್ಮ ಹುಡುಗಿ ಬಲಕ್ಕೆ ಸರಿಯಲಿ, ಎರಡನೇ ಗೆರೆಗೆ ಅವಳ ಹಿಂದಿನವಳು. ನೀವು ಮೂರನೇ ಗೆರೆಯ ಬಳಿ ನಿಂತು, ಕೊನೆಯವಳ ಮುಂದಿನ ಚಕ್ರಕ್ಕೆ ಸ್ಟಾಪ್‌ವಾಚ್ ಒತ್ತಿ. ಆ ಸಮಯವನ್ನು ಪುಸ್ತಕದಲ್ಲಿ ಬರೆಯುವಾಗ ಮೂವರ ಹೆಸರನ್ನೂ ಬರೆಯಿರಿ, ಮೊದಲು ಎಳೆದವಳ ಹೆಸರು ಮೊದಲು.